ಕಾಲುವೆ ದಂಡೆಯ ಸೊಪ್ಪು

ಅವಳು ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ತಮ್ಮನ ಮೇಜಿನ ಮೇಲೆ ಬೋರಲು ಹಾಕಿದಳು. ಆಗಷ್ಟೇ ತೊಟ್ಟಿಯಿಂದ ತೆಗೆದು ಹಳೆಯ ಪೇಪರಿನ ಮೇಲೆ ಸಾಲಾಗಿ ಮಲಗಿಸಿದ್ದ ನಲ್ಲಿಗಳ ನಡುವೆ ಹಳದಿ ನೀರು ಹರಿದು, ಮೇಜಿನ ಅಂಚಿನಿಂದ ಅವನ ಪ್ಯಾಂಟಿನ ಮೇಲೆ ಸುರಿಯಿತು. ನೀರಿನ ಜೊತೆ ಬಿದ್ದ ದಂಟಿನ ಗಿಡವೊಂದು ಬೇರು ಸಮೇತ ನಲ್ಲಿಯೊಂದಕ್ಕೆ ಸುತ್ತಿಕೊಂಡಿತು. ಅದರ ಎಲೆಗಳ ಅಂಚು ಬೆಂಕಿಗೆ ಹಿಡಿದ ಕಾಗದದಂತೆ ಸುರುಟಿತ್ತು.

ಉಜ್ಜುವ ಯಂತ್ರದ ಮುಂದೆ ಕೂತಿದ್ದ ಕೆಲಸದವನು ಸ್ವಿಚ್ ಆರಿಸಿದ. ಶೆಡ್ಡಿನಲ್ಲಿ ಸದ್ದಡಗಿ, ಗೋಡೆಯುದ್ದಕ್ಕೂ ಇದ್ದ ಬಿಸಿ ತೊಟ್ಟಿಗಳು ಗುಳುಗುಳು ಎನ್ನುವುದು ಕೇಳಿಸತೊಡಗಿತು.

"ಇದು ನಿಂದು," ಎಂದಳು. "ನಿನ್ನ ಹತ್ರಾನೇ ಇಟ್ಕೋ."

ಮೇಜಿನ ಹಿಂದೆ ಕೂತಿದ್ದ ತಮ್ಮ ತಲೆ ಎತ್ತಲಿಲ್ಲ. ಒಂದು ನಲ್ಲಿಯನ್ನು ತೆಗೆದುಕೊಂಡು ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಒಣಗಿದ ಕಡೆ ಇಟ್ಟ. ಇನ್ನೊಂದನ್ನು ತೆಗೆದುಕೊಂಡ. ಕೆಲಸದವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ನಿಂತಿದ್ದ ಅಕ್ಕ ಅವನ ಪಾಲಿಗೆ ಅಲ್ಲಿ ಇರಲೇ ಇಲ್ಲ.

"ಮೇಜು ಒರೆಸಿ ಹೋಗು," ಎಂದ ಕೊನೆಗೆ.

ಅವಳು ಒರೆಸಲಿಲ್ಲ. ಖಾಲಿ ಬಕೆಟ್ಟನ್ನು ಒದ್ದು ಹೊರಗೆ ಬಂದಳು. ಬೆನ್ನ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಯಂತ್ರ ಮತ್ತೆ ಶುರುವಾಯಿತು.

ಬೀದಿಯವರು ಅವಳನ್ನು ಸೊಪ್ಪಿನಕ್ಕ ಎನ್ನುತ್ತಿದ್ದರು, ತಮ್ಮನನ್ನು ಮೇಸ್ತ್ರಿ ಎನ್ನುತ್ತಿದ್ದರು. ನಲ್ಲಿ, ಬಾಗಿಲ ಹಿಡಿ, ಟವೆಲ್ ಕಂಬಿಗಳಿಗೆ ಬೆಳ್ಳಿಯಂಥ ಹೊಳಪು ಹಾಕುವ ಆ ಶೆಡ್ಡನ್ನು ಅವನೇ ನಡೆಸುತ್ತಿದ್ದ. ಮಾಲೀಕ ಯಾವಾಗಲೋ ಒಮ್ಮೆ ಕಾರಿನಲ್ಲಿ ಬಂದು, ಮೂಗಿಗೆ ಕರವಸ್ತ್ರ ಹಿಡಿದು ನೋಡಿ ಹೋಗುತ್ತಿದ್ದ. ಶೆಡ್ಡಿನ ಹಿಂಗೋಡೆಗೂ ಕಾಲುವೆಗೂ ನಡುವೆ ಒಂದು ಉದ್ದನೆಯ ಪಟ್ಟಿ ಜಾಗವಿತ್ತು. ಅದು ಯಾರದ್ದೆಂದು ಯಾರೂ ಕೇಳಿರಲಿಲ್ಲ. ಮದುವೆಯಾಗುವ ವಯಸ್ಸಿನಲ್ಲಿ ಅವಳು ಅಲ್ಲಿನ ಗಾಜು, ಕಲ್ಲು, ತುಕ್ಕು ಹಿಡಿದ ತಗಡು ಎಲ್ಲ ಹೆಕ್ಕಿ ಹಾಕಿ ಪಾತಿ ಮಾಡಿದ್ದಳು. ಅಪ್ಪ ಅಮ್ಮ ಬೇಗ ಹೋಗಿದ್ದರು. ತಮ್ಮನಿಗೆ ಊಟ, ಬಟ್ಟೆ, ಶಾಲೆ ಎಲ್ಲ ಆ ಪಾತಿಗಳಿಂದಲೇ ನಡೆಯಿತು. ಅವಳ ಮದುವೆಯ ಮಾತು ಅವನ ಶಾಲೆ ಮುಗಿಯಲಿ ಎಂದು ಒಮ್ಮೆ ಮುಂದಕ್ಕೆ ಹೋಯಿತು, ಅವನಿಗೊಂದು ಕೆಲಸ ಸಿಗಲಿ ಎಂದು ಇನ್ನೊಮ್ಮೆ ಹೋಯಿತು, ಆಮೇಲೆ ಯಾರೂ ಎತ್ತಲಿಲ್ಲ.

ಊರಿನ ಕೊಳೆಯನ್ನೆಲ್ಲ ಹೊತ್ತು ಬರುವ ಕಾಲುವೆಯ ನೀರಿಗೆ ಸೊಪ್ಪು ಸೊಕ್ಕಿ ಬೆಳೆಯುತ್ತಿತ್ತು. ಪಾಲಕ್, ದಂಟು, ಕೊತ್ತಂಬರಿ, ಮೆಂತ್ಯ. ಬೆಳಗ್ಗೆ ಕೊಯ್ದು, ಸೇತುವೆಯ ಮೇಲೆ ಗೋಣಿ ಹಾಸಿ ಕೂತರೆ ಬಿಸಿಲೇರುವ ಮೊದಲೇ ಬುಟ್ಟಿ ಬಹುತೇಕ ಖಾಲಿ. ಸೊಪ್ಪಿನಕ್ಕನ ಪಾಲಕ್ ಎಲೆಯಲ್ಲಿ ಮಗುವನ್ನೇ ಸುತ್ತಿ ಮಲಗಿಸಬಹುದು ಎಂದು ಟೈಲರಮ್ಮ ನಗುತ್ತಿದ್ದಳು. ಅವಳು ಬೀದಿಯ ತುದಿಯ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು, ಅವಳ ಮಗ ಶೆಡ್ಡಿನಲ್ಲಿ ಉಜ್ಜುವ ಕೆಲಸದವನು. ಮಾರದೆ ಉಳಿದ ಒಂದೆರಡು ಕಟ್ಟನ್ನು ಸೊಪ್ಪಿನಕ್ಕ ಮನೆಗೆ ಒಯ್ದು ಬೇಯಿಸಿಕೊಳ್ಳುತ್ತಿದ್ದಳು. ದಿನವೂ ಒಂದೆರಡು ಉಳಿಯುತ್ತಿತ್ತು.

ತಮ್ಮನನ್ನು ಶೆಡ್ಡಿಗೆ ಸೇರಿಸಿದ್ದೂ ಅವಳೇ. ಮಾಲೀಕನ ಮನೆಗೆ ದಿನಾ ಎಳೆಯ ಸೊಪ್ಪು ಒಯ್ದು ಕೊಟ್ಟು, ಗೇಟಿನ ಹತ್ತಿರ ನಿಂತು, ಹಲ್ಲು ಗಿಂಜಿ ಆ ಕೆಲಸ ಸಂಪಾದಿಸಿದ್ದಳು. ಅವನು ತೊಟ್ಟಿಗೆ ಕಂಬಿ ಇಳಿಸುವವನಾಗಿ ಸೇರಿ ಮೇಸ್ತ್ರಿಯಾದ, ಮದುವೆಯಾದ, ಬೀದಿಯ ಆಚೆ ಬದಿಗೆ ಮಹಡಿ ಮನೆ ಹಿಡಿದ. ಅಲ್ಲಿಯವರೆಗೂ ಎಲ್ಲ ಸರಿಯಾಗಿತ್ತು. ಕೆಲವು ವರ್ಷಗಳ ಹಿಂದೆ ಒಂದು ದಿನ ಪಾತಿಯ ಹತ್ತಿರ ಬಂದು, ಈ ಜಾಗ ಬಿಟ್ಟುಬಿಡು ಎಂದ. ಯಾಕೆ ಎಂದರೆ ಹೇಳಲಿಲ್ಲ. ನಿನಗೆ ವಯಸ್ಸಾಯಿತು, ನಾನು ನೋಡಿಕೊಳ್ಳುತ್ತೇನೆ ಎಂದ. ಮಾಲೀಕ ಶೆಡ್ಡನ್ನು ಹಿಂದಕ್ಕೆ ಬೆಳೆಸಬೇಕೆಂದಿದ್ದಾನೆ ಎಂಬ ಸುದ್ದಿ ಆಗ ಬೀದಿಯಲ್ಲಿ ಓಡಾಡುತ್ತಿತ್ತು. ಧಣಿಯ ಪರವಾಗಿ ಅಕ್ಕನನ್ನು ಎಬ್ಬಿಸಲು ಬಂದೆಯಾ ಎಂದು ಅವಳು ಬಾಯಿಗೆ ಬಂದಂತೆ ಬೈದಳು. ಅವನು ತಿರುಗಿ ನೋಡದೆ ಹೋದ. ಮಾರನೆಯ ದಿನ ಅವಳು ಎಂದಿನಂತೆ ಅವನ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಬಂದ ಸೊಪ್ಪಿನ ಕಟ್ಟು ಸಂಜೆ ಅವಳ ಬಾಗಿಲಿಗೇ ವಾಪಸು ಬಂದಿತ್ತು. ಆಮೇಲೆ ಅವರಿಬ್ಬರ ನಡುವೆ ಮಾತು ನಿಂತಿತು. ಎದುರು ಸಿಕ್ಕಿದರೆ ಒಬ್ಬರು ಬೀದಿ ದಾಟುತ್ತಿದ್ದರು.

ಶೆಡ್ಡಿನ ಹಿಂಗೋಡೆಯಿಂದ ಒಂದು ಪೈಪು ಕಾಲುವೆಗೆ ಇಳಿದಿತ್ತು. ಅದು ಅವಳಿಗೆ ಗೊತ್ತಿದ್ದದ್ದೇ. ಈ ಸಲ ಅದರ ಬಾಯಿ ಬಿರುಕು ಬಿಟ್ಟು, ಹಳದಿ ನೀರು ಕಾಲುವೆಗೆ ಬೀಳದೆ ಪಕ್ಕದ ಪಾತಿಗೆ ಹರಿದು, ರಾತ್ರಿ ಬೆಳಗಾಗುವುದರಲ್ಲಿ ದಂಟಿನ ಪಾತಿ ಪೂರ್ತಿ ಸುಟ್ಟುಹೋಗಿತ್ತು. ಹೀಗೆ ಬಕೆಟ್ಟು ಶೆಡ್ಡಿಗೆ ಹೋಯಿತು.

ಎರಡು ಮನೆಗೂ ಹೋಗಿ ಬರುತ್ತಿದ್ದವಳು ತಮ್ಮನ ಮಗಳು ಮಾತ್ರ. ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದಲ್ಲಿ ಕೆಲಸ. ಸ್ಕೂಟರಿನಲ್ಲಿ ಹೋಗುವಾಗ ಸೇತುವೆಯ ಬಳಿ ನಿಲ್ಲಿಸಿ, ಅತ್ತೆಯ ಹತ್ತಿರ ಒಂದು ನಿಮಿಷ ಹರಟಿ ಹೋಗುವುದು ಅವಳ ರೂಢಿ. ಅಪ್ಪನಿಗೆ ಅದು ಗೊತ್ತಿತ್ತು, ಗೊತ್ತಿಲ್ಲದವನಂತೆ ಇದ್ದ.

ಆ ದಿನ ಸೊಪ್ಪಿನಕ್ಕ ಪೈಪಿನ ಬಾಯಿಗೆ ಬಾಟಲಿ ಹಿಡಿದು ತುಂಬಿಸಿ, ಮುಚ್ಚಳ ಬಿಗಿದು, ಹುಡುಗಿಯ ಕೈಗಿಟ್ಟಳು.

"ನಿಮ್ಮಪ್ಪನ ಬಂಡವಾಳ ಇದರೊಳಗಿದೆ. ನೋಡಿ ಹೇಳು."

ಹುಡುಗಿ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಅಪ್ಪನ ಅನ್ನ, ತನ್ನ ಕೆಲಸ, ಅತ್ತೆಯ ಸಿಟ್ಟು, ಎಲ್ಲ ಒಟ್ಟಿಗೆ ಅವಳ ಮುಖದ ಮೇಲೆ ಬಂದು ಹೋಯಿತು. ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಇನ್ನೇನು ಹೊರಡಬೇಕು, ಅಷ್ಟರಲ್ಲಿ ಏನೋ ನೆನಪಾದವಳಂತೆ ಕೆಳಗಿಳಿದು ಬಂದು, ದೂರದ ಪಾತಿಯಲ್ಲಿ ಚೆನ್ನಾಗಿ ಬಂದಿದ್ದ ಪಾಲಕ್ಕಿನ ನಾಲ್ಕು ಗಿಡ ಕಿತ್ತುಕೊಂಡಳು. ಅಡುಗೆಗೆ ಇರಬೇಕು, ಕೊನೆಗೂ ಆ ಮನೆಯಲ್ಲಿ ಒಬ್ಬಳಾದರೂ ನನ್ನ ಸೊಪ್ಪು ತಿನ್ನುತ್ತಾಳೆ ಎಂದು ಸೊಪ್ಪಿನಕ್ಕ ಒಳಗೊಳಗೇ ಹಿಗ್ಗಿದಳು. ಬೇಡವೆಂದರೂ ಇನ್ನೆರಡು ಗಿಡ ಸೇರಿಸಿ ಕೊಟ್ಟಳು.

ಹುಡುಗಿ ಮತ್ತೆ ಬಂದದ್ದು ಕೆಲವು ದಿನ ಕಳೆದು. ಸೇತುವೆಯ ಮೇಲೆ ನಿಲ್ಲಿಸದೆ ನೇರವಾಗಿ ಪಾತಿಗೇ ಇಳಿದು ಬಂದಳು. ನೀರಿನಲ್ಲಿ ಇರಬಾರದ್ದೆಲ್ಲ ಇದೆ, ಕ್ರೋಮಿಯಂ, ನಿಕ್ಕಲ್, ಅದೂ ಇರಬಹುದಾದ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು ಎಂದಳು. ಸೊಪ್ಪಿನಕ್ಕನ ಮುಖ ಅರಳಿತು. ಯಾರ ಹತ್ತಿರ ಹೋಗಬೇಕು, ಯಾರಿಗೆ ಕೊಡಬೇಕು, ಇವತ್ತೇ ಹೋಗೋಣವೇ ಎಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು. ತಮ್ಮ ಆ ಮೇಜಿನ ಹಿಂದಿನಿಂದ ಎದ್ದು ನಿಲ್ಲುವುದನ್ನು ನೋಡಬೇಕಿತ್ತು ಅವಳಿಗೆ.

"ಸೊಪ್ಪಲ್ಲೂ ಇದೆ ಅತ್ತೆ."

"ಆ ಸುಟ್ಟ ಪಾತೀದಾ? ಅದನ್ನ ಆವತ್ತೇ ಕಿತ್ತು ಬಿಸಾಕಿದೀನಿ."

"ಅದಲ್ಲ. ಚೆನ್ನಾಗಿರೋದು. ನಾನು ಕಿತ್ಕೊಂಡು ಹೋದದ್ದು."

ಸೊಪ್ಪಿನಕ್ಕ ದೂರದ ಪಾತಿಯತ್ತ ನೋಡಿದಳು. ಎಲೆಗಳು ಎಣ್ಣೆ ಸವರಿದಂತೆ ಮಿನುಗುತ್ತಿದ್ದವು.

ಹುಡುಗಿ ಒಂದೊಂದೇ ಮಾತು ಜೋಡಿಸಿ ಹೇಳಿದಳು. ಪೈಪು ಈಗ ಒಡೆದದ್ದಿರಬಹುದು, ಆದರೆ ಕಾಲುವೆಗೆ ಬಿದ್ದ ನೀರನ್ನೇ ಅತ್ತೆ ಇಷ್ಟು ವರ್ಷ ಎತ್ತಿ ಹಾಕಿದ್ದು. ಅದು ಮಣ್ಣಿಗೆ ಹೋಗಿದೆ, ಮಣ್ಣಿನಿಂದ ಬೇರಿಗೆ ಹೋಗಿದೆ. ತೊಳೆದರೆ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ತಿಂದ ತಕ್ಷಣ ಏನೂ ಆಗುವುದಿಲ್ಲ, ಅದೇ ಅದರ ಕೆಟ್ಟ ಗುಣ. ಚರ್ಮಕ್ಕೆ, ಮೂತ್ರಪಿಂಡಕ್ಕೆ ನಿಧಾನವಾಗಿ ಬರುತ್ತದೆ. ಮಕ್ಕಳಿಗೆ ಹೆಚ್ಚು. ಹೇಳುತ್ತ ಹೇಳುತ್ತ ಅವಳ ಕಣ್ಣು ಅತ್ತೆಯ ಬೆರಳ ಸಂದಿಗಳಿಗೆ ಹೋಯಿತು. ಅಲ್ಲಿ ಬಹಳ ಕಾಲದಿಂದ ಮಾಯದ ಸಣ್ಣ ಸಣ್ಣ ಹುಣ್ಣುಗಳಿದ್ದವು. ಮಣ್ಣಿನ ಕೆಲಸದವರಿಗೆ ಇದ್ದದ್ದೇ ಎಂದು ಎಲ್ಲರೂ ತಿಳಿದಿದ್ದರು.

ಸೊಪ್ಪಿನಕ್ಕ ಕೈಯನ್ನು ಸೆರಗಿನೊಳಗೆ ಸರಿಸಿದಳು.

"ನಿಮ್ಮಪ್ಪ ಹೇಳಿಕೊಟ್ಟು ಕಳಿಸಿದ್ನಾ?"

ಹುಡುಗಿಗೆ ಕಪಾಳಕ್ಕೆ ಹೊಡೆದಂತಾಯಿತು. ಹೆತ್ತ ಅಪ್ಪನ ಮೇಲೆ ದೂರು ಬರೆಯಲು ಮನಸ್ಸು ಗಟ್ಟಿ ಮಾಡಿಕೊಂಡು ಬಂದರೆ ಇದೇನಾ ನಿನ್ನ ಮಾತು ಎಂದಳು. ದೂರು ಕೊಟ್ಟರೆ ನೀರಿನ ವಿಷಯದ ಜೊತೆ ಸೊಪ್ಪಿನ ವಿಷಯವೂ ಹೊರಗೆ ಬರುತ್ತದೆ, ಯೋಚನೆ ಮಾಡಿ ಹೇಳು ಎಂದು ಸ್ಕೂಟರ್ ಹತ್ತಿ ಹೋದಳು.

ಆ ಸಂಜೆ ಸೊಪ್ಪಿನಕ್ಕ ತಮ್ಮನ ಮನೆಯ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದ ತಮ್ಮನ ಹೆಂಡತಿ, ಬಕೆಟ್ಟಿನ ವಿಷಯಕ್ಕೆ ತಪ್ಪೊಪ್ಪಿಕೊಳ್ಳಲು ಬಂದಿರಬೇಕೆಂದು ಭಾವಿಸಿ, ಅವರು ಸ್ನಾನಕ್ಕೆ ಹೋಗಿದ್ದಾರೆ, ಕೂತುಕೊಳ್ಳಿ ಅತ್ತಿಗೆ ಎಂದಳು. ಸೊಪ್ಪಿನಕ್ಕ ಕೂರಲಿಲ್ಲ. ನಾನು ಕೊಟ್ಟ ಸೊಪ್ಪನ್ನು ಯಾಕೆ ವಾಪಸು ಕಳಿಸಿದಿರಿ, ಅಷ್ಟು ಹೇಳು ಸಾಕು ಎಂದಳು.

ತಮ್ಮನ ಹೆಂಡತಿ ಒಳಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಮನೆಯೊಳಗೆ ತರೋಕೇ ಬಿಡ್ತಿರಲಿಲ್ಲ ಇವರು. ನಿಮ್ಮ ಮೇಲಿನ ಸಿಟ್ಟು ಅಂದ್ಕೊಂಡಿದ್ದೆ. ಒಂದು ಸಲ ಕದ್ದು ಬೇಯಿಸಿದ್ದೆ, ಪಾತ್ರೆ ಸಮೇತ ಎತ್ಕೊಂಡು ಹೋಗಿ ಚರಂಡಿಗೆ ಸುರಿದ್ರು."

ಸ್ನಾನದ ಮನೆಯ ಬಾಗಿಲು ತೆರೆಯಿತು. ತಮ್ಮ ಟವೆಲ್ಲಿನಿಂದ ತಲೆ ಒರೆಸುತ್ತ ಬಂದವನು ಅಕ್ಕನನ್ನು ಕಂಡು ನಿಂತ.

"ನಿಂಗೆ ಗೊತ್ತಿತ್ತು," ಎಂದಳು ಸೊಪ್ಪಿನಕ್ಕ.

ಅವನು ಹೆಂಡತಿಯ ಮುಖ ನೋಡಿದ, ಅವಳು ಅಡುಗೆಮನೆಗೆ ಸರಿದಳು.

"ಬಿಟ್ಟುಬಿಡು ಅಂತ ಹೇಳಿದ್ದೆ."

"ಯಾಕೆ ಅಂತ ಹೇಳಿದ್ಯಾ?"

"ಹೇಳಿದ್ರೆ ಬೀದಿ ತುಂಬಾ ಕೂಗ್ತಿದ್ದೆ. ಶೆಡ್ ಮುಚ್ತಿತ್ತು. ಅಷ್ಟೂ ಜನ ಎಲ್ಲಿಗೆ ಹೋಗ್ಬೇಕಿತ್ತು?"

"ನಾನು ದಿನಾ ತಿಂದೆನಲ್ಲೋ. ನಿನ್ನ ಕಣ್ಣೆದುರಿಗೇ."

ಅವನು ಟವೆಲ್ಲನ್ನು ಮಡಚಿ ಕುರ್ಚಿಯ ಬೆನ್ನಿಗೆ ಹಾಕಿದ. ಮಡಿಕೆ ಸರಿಯಾಗಲಿಲ್ಲ, ತೆಗೆದು ಮತ್ತೆ ಮಡಚಿದ. ಬಾಯಿ ತೆರೆದಾಗ ಅವನ ದನಿ ಏರಿರಲಿಲ್ಲ.

"ಆ ಹಬೇಲಿ ನಾನೂ ದಿನಾ ನಿಂತಿದೀನಿ. ಮೂಗಿನೊಳಗೆ ಗೋಡೆ ಅನ್ನೋದೇ ಉಳಿದಿಲ್ಲ. ಡಾಕ್ಟರು ಈ ಕಡೆಯಿಂದ ಟಾರ್ಚ್ ಬಿಟ್ರೆ ಆ ಕಡೆ ಬೆಳಕು ಕಾಣುತ್ತೆ. ನನ್ನನ್ನ ಅಲ್ಲಿ ತಂದು ನಿಲ್ಲಿಸಿದ್ದು ಯಾರು?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಸೊಪ್ಪಿನಕ್ಕ ಗೋಡೆಗೆ ಕೈ ಕೊಟ್ಟು ನಿಂತಳು. ಮಾಲೀಕನ ಗೇಟು, ಕೈಯಲ್ಲಿದ್ದ ಎಳೆಯ ಸೊಪ್ಪಿನ ಕಟ್ಟು, ಆಗ ತನ್ನ ಮುಖದ ಮೇಲಿದ್ದ ನಗು, ಎಲ್ಲ ನೆನಪಾಯಿತು. ಆದರೆ ಸೋತು ಹೋಗಲು ಅವಳು ಬಂದಿರಲಿಲ್ಲ. ನಾಳೆಯೇ ದೂರು ಕೊಡುತ್ತೇನೆ ಎಂದಳು.

ಕೊಡು ಎಂದ ತಮ್ಮ. ನೀನು ಆಫೀಸಿಗೆ ಹೋದ ದಿನವೇ ನಾನು ಸೇತುವೆಯ ಮೇಲೆ ನಿಂತು ನೀನು ಇಷ್ಟು ವರ್ಷ ಏನು ಮಾರಿದೆ ಎಂದು ಒಬ್ಬೊಬ್ಬರಿಗೂ ಹೇಳುತ್ತೇನೆ ಎಂದ. ನೀನು ಸುಮ್ಮನಿದ್ದರೆ ನಾನೂ ಸುಮ್ಮನಿರುತ್ತೇನೆ, ಪೈಪಿನ ಬಾಯಿ ನಾಳೆ ಸರಿ ಮಾಡಿಸುತ್ತೇನೆ, ಅಲ್ಲಿಗೆ ಮುಗಿಯಿತು. ಯಾರೋ ಗಿರಾಕಿಗೆ ಮಾಲಿನ ದರ ಹೇಳುವ ಹಾಗೆ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಮೂಗಿನಿಂದ ರಕ್ತ ತೊಟ್ಟಿಕ್ಕಿತು. ಅಭ್ಯಾಸವಾದವನಂತೆ ಬೆರಳಿನಿಂದ ಒರೆಸಿಕೊಂಡ.

ಸೊಪ್ಪಿನಕ್ಕ ಹೂಂ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಮೆಟ್ಟಿಲಿಳಿದು ಬಂದಳು.

ಮರುದಿನ ಬೆಳಗ್ಗೆ ಎದ್ದವಳು ಕುಡುಗೋಲು ಹಿಡಿದು ಪಾತಿಗೆ ಇಳಿದಳು. ಎಂದಿನಂತೆ ಕೊಯ್ದಳು, ಕಟ್ಟು ಕಟ್ಟಿದಳು, ಸೇತುವೆಯ ಮೇಲೆ ಗೋಣಿ ಹಾಸಿದಳು. ಪೈಪಿನಿಂದ ದೂರದ ಪಾತಿಯದನ್ನು ಮಾತ್ರ ಮಾರುತ್ತೇನಲ್ಲ ಎಂದುಕೊಂಡಳು. ನಲ್ಲಿಯ ನೀರಲ್ಲಿ ಇನ್ನೊಮ್ಮೆ ತೊಳೆದಿದ್ದೇನಲ್ಲ ಎಂದುಕೊಂಡಳು. ಇಷ್ಟು ವರ್ಷ ತಿಂದವರಿಗೆ ಏನೂ ಆಗಿಲ್ಲ, ಓದಿದವರು ಎಲ್ಲದಕ್ಕೂ ಹೆದರಿಸುತ್ತಾರೆ ಎಂದುಕೊಂಡಳು. ಗಿರಾಕಿಗಳು ಬಂದರು, ಹೋದರು. ಮಧ್ಯಾಹ್ನ ಬುಟ್ಟಿಯಲ್ಲಿ ಒಂದು ಕಟ್ಟು ಉಳಿದಿತ್ತು. ಅದನ್ನು ಮನೆಗೆ ಒಯ್ಯಲೆಂದು ಎತ್ತಿಕೊಂಡವಳು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದು, ಸೇತುವೆಯ ಕಟ್ಟೆಯಿಂದ ಆಚೆಗೆ ಕಾಲುವೆಗೆ ಎಸೆದಳು. ಆ ದಿನ ಬರೀ ಅನ್ನ, ಉಪ್ಪು ತಿಂದಳು. ಮರುದಿನವೂ ಹಾಗೇ ಆಯಿತು. ಕೊಯ್ದಳು, ಮಾರಿದಳು, ಉಳಿದದ್ದನ್ನು ಎಸೆದಳು. ರುಚಿಯಾಗಿ ಬೇಯಿಸಿದೆವು ಎಂದು ಯಾರಾದರೂ ಹೇಳಿದರೆ ಬುಟ್ಟಿಯೊಳಗೆ ತಲೆ ತಗ್ಗಿಸಿ ಏನೋ ಹುಡುಕುತ್ತಿದ್ದಳು.

ತಮ್ಮ ಕೆಲಸಕ್ಕೆ ಹೋಗುವಾಗ ಸೇತುವೆಯ ಮೇಲೆಯೇ ಹೋಗುತ್ತಿದ್ದ. ಈಗ ಬೀದಿ ದಾಟುತ್ತಿರಲಿಲ್ಲ. ಬುಟ್ಟಿಯನ್ನು ನೋಡಿ, ಅವಳನ್ನು ನೋಡಿ, ಮುಂದಕ್ಕೆ ಹೋಗುತ್ತಿದ್ದ. ಆ ನೋಟದಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ನನ್ನ ಸಾಲಿಗೆ ನೀನೂ ಬಂದೆಯಾ ಎನ್ನುವಂಥದ್ದೇನೋ ಇತ್ತು. ಅವಳಿಗೆ ಬೆಂಕಿ ಹತ್ತಿದಂತಾಗುತ್ತಿತ್ತು.

ಹಾಗೆ ಎಷ್ಟು ದಿನ ನಡೆಯುತ್ತಿತ್ತೋ. ಒಂದು ಬೆಳಗ್ಗೆ ಟೈಲರಮ್ಮ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಮಗುವಿಗೆ ಹಲ್ಲು ಬರುವ ಕಾಲ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿತ್ತು. ಟೈಲರಮ್ಮ ಪಾಲಕ್ಕಿನ ಕಟ್ಟೊಂದನ್ನು ಎತ್ತಿ ಬೇರು ನೋಡುತ್ತ, ಮಗ ಶೆಡ್ಡಿನಿಂದ ಬಂದರೆ ಊಟ ಸೇರುವುದಿಲ್ಲವೆನ್ನುತ್ತಾನೆ, ನಿನ್ನ ಸೊಪ್ಪಿದ್ದರೆ ನಾಲ್ಕು ತುತ್ತು ಹೆಚ್ಚು ಹೋಗುತ್ತದೆ ಎನ್ನುತ್ತಿದ್ದಳು. ಮಗು ಬಗ್ಗಿ, ಕಟ್ಟಿನಿಂದ ಒಂದು ಎಲೆ ಹರಿದು, ಬಾಯಿಗೆ ತುರುಕಿಕೊಂಡು ಚಪ್ಪರಿಸತೊಡಗಿತು.

ತಾನು ಎದ್ದದ್ದೂ ಸೊಪ್ಪಿನಕ್ಕನಿಗೆ ತಿಳಿಯಲಿಲ್ಲ. ಮಗುವಿನ ಗಲ್ಲ ಹಿಡಿದು, ಬಾಯೊಳಗೆ ಬೆರಳು ಹಾಕಿ, ಅಗಿದ ಹಸಿರನ್ನು ಬಾಚಿ ತೆಗೆದಳು. ಮಗು ಉಸಿರು ಕಟ್ಟಿ ಕಿರುಚಿತು. ಟೈಲರಮ್ಮ ಹಿಂದಕ್ಕೆ ಸರಿದು, ಒಂದು ಎಲೆಗೆ ಹೀಗೆ ಮಾಡುವುದೇ, ಕೇಳಿದ್ದರೆ ಅದರ ದುಡ್ಡನ್ನೂ ಕೊಡುತ್ತಿದ್ದೆ ಎಂದಳು. ಸುತ್ತ ಇದ್ದವರೂ ಇದೇನು ಜಿಪುಣತನ ಎಂಬಂತೆ ನೋಡಿದರು.

"ಅದು ತಿನ್ನೋದಲ್ಲ," ಎಂದಳು ಸೊಪ್ಪಿನಕ್ಕ. "ಈ ಬುಟ್ಟಿಲಿರೋದು ಯಾವುದೂ ತಿನ್ನೋದಲ್ಲ. ಶೆಡ್ಡಿನ ನೀರು ಕುಡಿದು ಬೆಳೆದದ್ದು. ವಿಷ ಇದೆ."

ಮಗು ಅಳುತ್ತಲೇ ಇತ್ತು. ಟೈಲರಮ್ಮ ಅದರ ಬಾಯನ್ನು ಸೆರಗಿನಿಂದ ಒರೆಸುತ್ತಿದ್ದವಳು ನಿಲ್ಲಿಸಿದಳು.

"ಯಾವಾಗಿಂದ ಗೊತ್ತು ನಿಂಗೆ?"

ಇವತ್ತೇ ಗೊತ್ತಾಯಿತು ಎನ್ನಬಹುದಿತ್ತು. ಯಾರೂ ಅಲ್ಲವೆನ್ನುತ್ತಿರಲಿಲ್ಲ.

"ಕೆಲವು ದಿನ ಆಯ್ತು."

"ಮೊನ್ನೆ ನಂಗೆ ಕೊಟ್ಯಲ್ಲ."

"ಕೊಟ್ಟೆ."

ಟೈಲರಮ್ಮ ಕಾಲಿನಿಂದ ಬುಟ್ಟಿಯನ್ನು ತಳ್ಳಿದಳು. ಅದು ಕಟ್ಟೆಯ ಸಂದಿಯಿಂದ ಜಾರಿ ಕಾಲುವೆಗೆ ಬಿತ್ತು. ಕಟ್ಟುಗಳು ಬಿಚ್ಚಿಕೊಂಡು ಹಸಿರಾಗಿ ತೇಲಿಹೋದವು.

ಅಂದೇ ಸೊಪ್ಪಿನಕ್ಕ ಪಾತಿಗಳನ್ನು ಕೀಳತೊಡಗಿದಳು. ಒಂದು ತುದಿಯಿಂದ ಶುರು ಮಾಡಿ, ಬೇರು ಸಮೇತ ಎಳೆದು, ಯಾರೂ ಎತ್ತಿಕೊಂಡು ಹೋಗದಂತೆ ಗೋಣಿಗಳಲ್ಲಿ ತುಂಬಿ ಬಾಯಿ ಹೊಲಿದಳು. ಕಾಲುವೆಯ ಆಚೆ ದಡದಲ್ಲಿ ಜನ ನಿಂತು ನೋಡಿದರು. ಯಾರೂ ಇಳಿದು ಬರಲಿಲ್ಲ. ಎಳೆಯ ಮೆಂತ್ಯದ ಪಾತಿಗೆ ಬಂದಾಗ ಮಾತ್ರ ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನೂ ಕಿತ್ತಳು. ತಮ್ಮನ ಮಗಳು ಬಂದಾಗ ಮಣ್ಣು ಮೆತ್ತಿದ ಕೈಯಲ್ಲೇ ಹೊರಟು, ಅವಳ ಸ್ಕೂಟರಿನ ಹಿಂದೆ ಕೂತು, ದೂರು ಕೊಡುವ ಆಫೀಸಿಗೆ ಹೋಗಿ, ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿ ಬಂದಳು. ತಾನು ತಿಳಿದೂ ಮಾರಿದ್ದನ್ನೂ ಸೇರಿಸಿ.

ಬೀದಿ ಅವಳನ್ನು ಬಿಡಲಿಲ್ಲ. ಮೊದಲು ಪ್ರಶ್ನೆ ಕೇಳಲು ಬಂದರು, ಆಮೇಲೆ ಬಯ್ಯಲು ಬಂದರು. ಬೆಳಗ್ಗೆ ಬಾಗಿಲು ತೆಗೆದರೆ ಹೊಸಿಲ ಮೇಲೆ ಕೊಳೆತ ಸೊಪ್ಪಿನ ರಾಶಿ ಬಿದ್ದಿರುತ್ತಿತ್ತು. ಬೀದಿಯಲ್ಲಿ ಯಾರಿಗೆ ಯಾವತ್ತು ಏನು ಕಾಯಿಲೆ ಬಂದಿತ್ತೋ ಅದೆಲ್ಲ ಅವಳ ತಲೆಗೆ ಬಂತು. ಒಬ್ಬನ ಮೂತ್ರಪಿಂಡದ ಕಲ್ಲು, ಒಬ್ಬಳ ಇಳಿದುಹೋದ ಗರ್ಭ, ಇನ್ನೊಬ್ಬಳ ಉದುರಿದ ಕೂದಲು, ಕುಡಿದು ಕುಡಿದೇ ಸತ್ತ ಗಾಡಿಯವನ ಸಾವು ಕೂಡ. ಅವಳು ಎದುರು ಮಾತಾಡಲಿಲ್ಲ. ಇವುಗಳಲ್ಲಿ ಯಾವುದು ತನ್ನದು, ಯಾವುದು ತನ್ನದಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ಬಯ್ಯುವವರಿಗೂ ಗೊತ್ತಿರಲಿಲ್ಲ.

ಅಧಿಕಾರಿಗಳು ಬಂದು ಪೈಪು ನೋಡಿ, ತೊಟ್ಟಿ ನೋಡಿ, ಶೆಡ್ಡಿಗೆ ಬೀಗಮುದ್ರೆ ಹಾಕಿದರು. ಆಗ ಸಿಟ್ಟು ಇಮ್ಮಡಿಯಾಯಿತು. ಬೀದಿಯ ಅರ್ಧ ಮನೆಗಳ ಒಲೆ ಉರಿಯುತ್ತಿದ್ದದ್ದು ಆ ಶೆಡ್ಡಿನಿಂದ. ವಿಷ ಮಾರಿದಳು ಎಂದು ಬೈದವರೇ, ವಿಷ ನಿಲ್ಲಿಸಿದಳು ಎಂದೂ ಬೈದರು. ಟೈಲರಮ್ಮ ಅವಳ ಬಾಗಿಲಿಗೆ ಬಂದು, ಬಯ್ಯಲಿಲ್ಲ, ಕೂಗಲಿಲ್ಲ, ಸಣ್ಣ ದನಿಯಲ್ಲಿ ಹೇಳಿದಳು.

"ಮೊದಲು ತಿನ್ನಬಾರದ್ದನ್ನ ತಿನ್ನಿಸ್ದೆ. ಈಗ ತಿನ್ನೋದನ್ನ ಕಿತ್ಕೊಂಡೆ. ನಿಂಗೆ ನಾವೇನು ಮಾಡಿದ್ವಿ?"

ಮಗ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ. ಅವನಿಗೂ ಮೂಗಿನಲ್ಲಿ ರಕ್ತ ಬರುತ್ತದೆಯೇ ಎಂದು ಕೇಳಬೇಕೆಂದು ಸೊಪ್ಪಿನಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ.

ಮೇಸ್ತ್ರಿಯೂ ತಪ್ಪಿಸಿಕೊಳ್ಳಲಿಲ್ಲ. ಸಾರ್ವಜನಿಕ ನಲ್ಲಿಯ ಹತ್ತಿರ ಯಾರೋ ಅತ್ತಿಗೆಯ ವಿಷಯ ಎತ್ತಿ ಕೆಣಕಿದಾಗ ಅವನ ಹೆಂಡತಿ ತಡೆಯಲಾರದೆ, ನಮ್ಮ ಮನೆಗಂತೂ ಎಷ್ಟೋ ವರ್ಷದಿಂದ ಆ ಸೊಪ್ಪು ಬಂದೇ ಇಲ್ಲ ಎಂದುಬಿಟ್ಟಳು. ಹೇಳಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. ಆ ಸಂಜೆಯೇ ಮಹಡಿ ಮನೆಯ ಕಿಟಕಿಯ ಗಾಜು ಪುಡಿಯಾಯಿತು. ಅವನೊಡನೆ ಒಂದೇ ತೊಟ್ಟಿಯ ಮುಂದೆ ನಿಂತು ದುಡಿದವರು ಅವನ ಮುಖ ಕಂಡರೆ ಉಗುಳುತ್ತಿದ್ದರು.

ಮಾಲೀಕ ತೊಟ್ಟಿಗಳನ್ನೂ ಯಂತ್ರಗಳನ್ನೂ ಹೇಗೋ ಬಿಡಿಸಿಕೊಂಡು ಲಾರಿಗೆ ಹೇರಿಸಿದ. ಊರಿನ ಇನ್ನೊಂದು ಬದಿಯಲ್ಲಿ ಇನ್ನೊಂದು ಶೆಡ್ಡು ನೋಡಿದ್ದ. ಮೇಸ್ತ್ರಿಯನ್ನು ಕರೆದ. ಮೇಸ್ತ್ರಿ ಲಾರಿಯ ಬಾಗಿಲಿಗೆ ಕೈ ಹಾಕಿ, ಆ ಶೆಡ್ಡಿನ ಹಿಂದೆ ಏನಿದೆ ಎಂದು ಕೇಳಿದನಂತೆ. ಏನಿದ್ದರೆ ನಿನಗೇನು, ಹತ್ತು ಎಂದನಂತೆ ಮಾಲೀಕ. ಇವನು ಕೈ ತೆಗೆದನಂತೆ. ಮಗಳು ಇದನ್ನು ಅತ್ತೆಗೆ ಹೇಳಿದಾಗ ಅವಳು ಗೋಡೆಗೆ ಮೆತ್ತಿದ್ದ ಕೊಳೆತ ಎಲೆಗಳನ್ನು ಕೆರೆದು ತೆಗೆಯುತ್ತಿದ್ದಳು.

"ಲಾರಿ ಹತ್ತಲಿಲ್ಲ ಅಂದ ಮಾತ್ರಕ್ಕೆ ದೊಡ್ಡ ಮನುಷ್ಯ ಆಗಿಬಿಟ್ನಾ?" ಎಂದಳು. ಕೆರೆಯುವುದನ್ನು ನಿಲ್ಲಿಸಲಿಲ್ಲ.

ಮಳೆಗಾಲಕ್ಕೆ ಮೊದಲು ಆರೋಗ್ಯ ಇಲಾಖೆಯವರು ಬಂದು, ಬೀದಿಯ ಎಲ್ಲರ ರಕ್ತ ಪರೀಕ್ಷೆ ಮಾಡುತ್ತೇವೆಂದು ಮನೆಮನೆಗೂ ಹೇಳಿ ಹೋದರು. ಶಾಲೆಯ ದೊಡ್ಡ ಕೋಣೆಯಲ್ಲಿ ಮೇಜು, ಸೂಜಿ, ಹತ್ತಿ, ಸಣ್ಣ ಗಾಜಿನ ನಳಿಕೆಗಳು ಸಿದ್ಧವಾಗಿದ್ದವು. ಸಾಲು ಬಾಗಿಲಿನಿಂದ ಹೊರಗೆ ಮೈದಾನದವರೆಗೂ ಇತ್ತು. ಸೊಪ್ಪಿನಕ್ಕ ಬಂದು ನಿಂತೊಡನೆ ಅವಳ ಮುಂದಿನವರು ಒಂದು ಹೆಜ್ಜೆ ಮುಂದಕ್ಕೂ, ಹಿಂದಿನವರು ಒಂದು ಹೆಜ್ಜೆ ಹಿಂದಕ್ಕೂ ಸರಿದರು. ಆ ಖಾಲಿ ಜಾಗ ಸಾಲಿನ ಜೊತೆಯೇ ನಿಧಾನಕ್ಕೆ ಮುಂದೆ ಸಾಗಿತು. ಸ್ವಲ್ಪ ಹೊತ್ತಿಗೆ ತಮ್ಮ ಬಂದ. ಕೊನೆಯಲ್ಲಿ ನಿಲ್ಲಲು ಹೋದರೆ ಅಲ್ಲಿದ್ದವರು, ನಮ್ಮ ಹತ್ತಿರ ನಿಲ್ಲಬೇಡ, ನಿನ್ನ ಜಾಗ ಅಲ್ಲಿದೆ ಎಂದು ಆ ಖಾಲಿ ಜಾಗ ತೋರಿಸಿದರು. ಅವನು ಅಲ್ಲಿಯೇ ಹಿಂದಕ್ಕೂ ಮುಂದಕ್ಕೂ ನೋಡಿ, ಬೇರೆ ದಾರಿ ಕಾಣದೆ ಅಕ್ಕನ ಹಿಂದೆ ಬಂದು ನಿಂತ. ಅವಳು ತಿರುಗಿ ನೋಡಲಿಲ್ಲ. ಅವನ ಉಸಿರು ಮೂಗಿನಲ್ಲಿ ಸಿಳ್ಳೆಯಂತೆ ಸಣ್ಣಗೆ ಊದುವುದು ಅವಳಿಗೆ ಕೇಳಿಸುತ್ತಿತ್ತು.

ಮೇಜಿನ ಮುಂದೆ ಬಂದಾಗ ದಾದಿ ಇಬ್ಬರನ್ನೂ ನೋಡಿ, ಒಟ್ಟಿಗೆ ಬಂದವರಾ ಎಂದು ಕೇಳಿದಳು.

"ಅಕ್ಕ ತಮ್ಮ," ಎಂದಳು ಹಿಂದಿನಿಂದ ಟೈಲರಮ್ಮ, ಬೈಗುಳದ ಹಾಗೆ.

ದಾದಿಗೆ ಅದೆಲ್ಲ ಗೊತ್ತಿರಲಿಲ್ಲ. ಇಬ್ಬರ ರಕ್ತವನ್ನೂ ತೆಗೆದಳು, ಹತ್ತಿ ಇಟ್ಟು ಮೊಣಕೈ ಮಡಚಿಸಿದಳು, ಸ್ವಲ್ಪ ಹೊತ್ತು ಕೂತು ಹೋಗಿ ಎಂದಳು. ಕೂರಲು ಗೋಡೆಯ ಪಕ್ಕ ಒಂದೇ ಉದ್ದನೆಯ ಬೆಂಚು. ಅದರ ಮೇಲಿದ್ದವರು ಇವರು ಬರುವುದನ್ನು ಕಂಡು ಎದ್ದು, ಹತ್ತಿ ಒತ್ತಿಕೊಂಡೇ ಬಾಗಿಲ ಕಡೆ ಹೋದರು. ಸೊಪ್ಪಿನಕ್ಕ ಒಂದು ತುದಿಯಲ್ಲಿ ಕೂತಳು. ತಮ್ಮ ಇನ್ನೊಂದು ತುದಿಯಲ್ಲಿ ಕೂತ. ನಡುವೆ ನಾಲ್ಕು ಜನ ಕೂರುವಷ್ಟು ಜಾಗ ಉಳಿಯಿತು. ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು, ಅವನು ಬಾಗಿಲ ಕಡೆ.

ಸ್ವಲ್ಪ ಹೊತ್ತಾಯಿತು. ರಕ್ತ ನಿಂತಿತ್ತು. ತಮ್ಮ ಹತ್ತಿಯನ್ನು ತೆಗೆದು ನೋಡಿ, ಜೇಬಿಗೆ ಹಾಕಿಕೊಂಡು, ಏಳಲು ಹೋದ. ಬೆಂಚಿನ ಕಾಲುಗಳು ತುದಿಗಳಿಂದ ತೀರಾ ಒಳಗಿದ್ದವು. ಅವನ ಭಾರ ಇಳಿದೊಡನೆ ಅವಳ ತುದಿ ಕೆಳಕ್ಕೆ ವಾಲಿತು, ಅವನ ಬದಿಯ ಕಾಲು ನೆಲ ಬಿಟ್ಟು ಎದ್ದಿತು. ಸೊಪ್ಪಿನಕ್ಕ ಬೀಳದಿರಲು ಕಿಟಕಿಯ ಸರಳಿಗೆ ಕೈ ಚಾಚಿದಳು.

ಅವನು ಮತ್ತೆ ಕೂತ. ಬೆಂಚು ಟಪ್ಪೆಂದು ನೆಲಕ್ಕೆ ಕಚ್ಚಿಕೊಂಡಿತು. ಬಾಗಿಲ ಕಡೆಯೇ ನೋಡುತ್ತ, ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಅಲ್ಲಾಡದೆ ಕೂತಿದ್ದ.